ಐದನೆಯ ಸಲಹೆ

ಪ್ರಾಜೆಕ್ಟ್ ವರದಿಯ ಕೊನೆಯಲ್ಲಿ ಕನಿಷ್ಠ ಐದು ಸಲಹೆಗಳಿರಬೇಕು ಎಂಬುದು ನಮ್ಮ ಬಿಬಿಎ ತರಗತಿಯ ಕಟ್ಟಳೆ. ಪಠ್ಯಕ್ರಮದಲ್ಲಿ ಎಲ್ಲೂ ಹಾಗೆ ಬರೆದಿರಲಿಲ್ಲ. ಗೈಡ್ ಆಗಿದ್ದ ಸರ್ ಹೇಳಿದ್ದರು, ನಾವು ಬರೆದುಕೊಂಡಿದ್ದೆವು. ನಾಲ್ಕೇ ಇದ್ದರೆ ಅಂಕಕ್ಕೆ ಕತ್ತರಿ, ಆರಿದ್ದರೆ ಹೆಚ್ಚೇನೂ ಸಿಗುವುದಿಲ್ಲ. ನನ್ನ ಹತ್ತಿರ ನಾಲ್ಕಿದ್ದವು. ಐದನೆಯದನ್ನು ಹಾವೇರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಹಿರೇಕೆರೂರು ಬಸ್ಸು ಬರುವುದರೊಳಗೆ ಬರೆದು ಮುಗಿಸಿದೆ. ಅವತ್ತು ಬಸ್ಸು ಬೇಗ ಬಂದಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ತಪ್ಪನ್ನು ಬಸ್ಸಿನ ತಲೆಗೆ ಕಟ್ಟುವ ಆಟ ಅದು ಎಂದೂ ನನಗೆ ಗೊತ್ತು.

ಬಿಬಿಎ ಸೇರಿಸಿದವಳು ದೊಡ್ಡವ್ವ. ನಾನು ಆರನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅವ್ವನ ಅಕ್ಕ, ಗಂಡ ಮಕ್ಕಳು ಯಾರೂ ಇಲ್ಲದವಳು, ಆಡೂರಿನ ಕಡೆಯಿಂದ ಒಂದು ಟ್ರಂಕು ಹಿಡಿದು ಹಿರೇಕೆರೂರಿನ ನಮ್ಮ ಮನೆಗೆ ಬಂದಳು. ಹದಿನೈದು ದಿನ ಇದ್ದು ಹೋಗುತ್ತೇನೆ ಎಂದವಳು ಮತ್ತೆ ತಿರುಗಿ ಹೋಗಲೇ ಇಲ್ಲ. ಅಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ, ಮನೆಯಲ್ಲಿ ಮಾತು ಕಡಿಮೆ. ನನ್ನ ಜಡೆಯಿಂದ ಹಿಡಿದು ನನ್ನ ಓದಿನವರೆಗೆ ಎಲ್ಲ ತೀರ್ಮಾನವೂ ದೊಡ್ಡವ್ವನದೇ. ಪಿಯುಸಿ ಮುಗಿದಾಗ ಓಣಿಯಲ್ಲಿ ಎಲ್ಲರೂ ಬಿ.ಕಾಂ. ಎಂದರು, ಇಲ್ಲದಿದ್ದರೆ ಟೀಚರ್ ಆಗಲಿ ಎಂದರು. ಬಿಬಿಎ ಅಂದರೇನು ಎಂದು ದೊಡ್ಡವ್ವ ನನ್ನನ್ನೇ ಕೇಳಿದಳು. ವ್ಯವಹಾರ ಹೇಗೆ ನಡೆಸಬೇಕು, ಕೆಲಸದವರಿಂದ ಹೇಗೆ ಕೆಲಸ ಮಾಡಿಸಬೇಕು, ಅದನ್ನು ಕಲಿಸುತ್ತಾರೆ ಎಂದೆ. ಅವಳಿಗೆ ಅಷ್ಟೇ ಸಾಕಾಯಿತು.

"ಅದನ್ನ ಕಲಿ," ಎಂದಳು. "ಹೇಳಿಸ್ಕೊಳ್ಳೋ ಕಡೆ ನಾವೆಲ್ಲಾ ಅದೇವಿ. ನೀ ಹೇಳೋ ಕಡೆ ನಿಂದ್ರು."

ಹಾಗಾಗಿ ಮೂರು ವರ್ಷ ಬಸ್ ಪಾಸು, ಮೂರು ವರ್ಷ ಕಿಟಕಿಯ ಪಕ್ಕದ ಸೀಟಿಗೆ ಜಗಳ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ಕಡೆಯ ಬಸ್ಸುಗಳಿಂದ ಇಳಿದ ನಾವು ಹಾವೇರಿಯ ಒಂದು ತರಗತಿಯಲ್ಲಿ ಕೂತು ವಿಮಾನ ಕಂಪನಿಗಳು ಯಾಕೆ ಮುಳುಗುತ್ತವೆ ಎಂದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೆವು. ನಮ್ಮಲ್ಲಿ ಒಬ್ಬರೂ ವಿಮಾನ ಹತ್ತಿರಲಿಲ್ಲ. ಪ್ರೆಸೆಂಟೇಷನ್ ದಿನ ಟೈ ಕಡ್ಡಾಯ. ಇದ್ದ ಎರಡು ಟೈಗಳು ಇಡೀ ತರಗತಿಯ ಕೊರಳು ಸುತ್ತಿ ಬರುತ್ತಿದ್ದವು. ನಗೆ ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ, ಎಲ್ಲಿ ಇಂಗ್ಲಿಷ್ ತಪ್ಪುತ್ತದೋ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

ಒಂದೇ ಒಂದು ಪಾಠ ನನಗೆ ಕಂಡದ್ದು, ಮುಟ್ಟಿದ್ದು ಅನ್ನಿಸಿತು. ಅಮೆರಿಕದ ಒಬ್ಬ ಎಂಜಿನಿಯರ್ ಕೈಯಲ್ಲಿ ಗಡಿಯಾರ ಹಿಡಿದು ಕಬ್ಬಿಣ ಹೊರುವ ಕೂಲಿಯವರ ಪಕ್ಕ ನಿಂತು, ಯಾರ ಕೈ ಎಷ್ಟು ಹೊತ್ತಿಗೆ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆದು ಬರೆದ ಕಥೆ. ಆ ಪಾಠ ಓದುವಾಗ ನನಗೆ ದೊಡ್ಡವ್ವ ಕೂಲಿಗೆ ಹೋಗುವ ಶೆಡ್ಡು ಕಣ್ಣಿಗೆ ಕಟ್ಟಿತು. ನಮ್ಮ ಮನೆಯ ಸಂಗತಿಯೂ ಇಂಗ್ಲಿಷ್ ಪುಸ್ತಕದಲ್ಲಿ ಬರುವಂಥದ್ದೇ ಎಂದು ಅಭಿಮಾನ ಪಟ್ಟೆ. ಆ ಕಥೆಯಲ್ಲಿ ನಾನು ನನ್ನನ್ನು ಎಲ್ಲಿ ನಿಲ್ಲಿಸಿಕೊಂಡೆ ಎಂದರೆ, ಗಡಿಯಾರದ ಪಕ್ಕದಲ್ಲಿ. ಹೊರುವವನ ಪಕ್ಕದಲ್ಲಲ್ಲ.

ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟ್ ಬಂತು. ಯಾವುದಾದರೂ ಒಂದು ಉದ್ದಿಮೆಗೆ ಹೋಗಿ ಅಭ್ಯಾಸ ಮಾಡಿ ವರದಿ ಬರೆಯಬೇಕು. ನನ್ನ ಜತೆಯವರು ಸೀದಾ ಝೆರಾಕ್ಸ್ ಅಂಗಡಿಗೆ ಹೋದರು. ಅಲ್ಲಿ ಹಿಂದಿನ ವರ್ಷದವರ ವರದಿಗಳು ಕಂಪ್ಯೂಟರಿನಲ್ಲೇ ಇರುತ್ತಿದ್ದವು. ಹೆಸರು, ಊರು, ವರ್ಷ ಬದಲಿಸಿ ಪ್ರಿಂಟ್ ತೆಗೆದರೆ ಮುಗಿಯಿತು. ಸವಣೂರಿನ ಗೆಳತಿಯೊಬ್ಬಳು ತನ್ನ ಅಪ್ಪನ ವೀಳ್ಯದೆಲೆ ಅಂಗಡಿಯ ಮೇಲೆ ಬರೆದಳು. ಐವತ್ತು ಗಿರಾಕಿಗಳ ಅಭಿಪ್ರಾಯಗಳನ್ನೂ ಮನೆಯ ಅಟ್ಟದ ಮೇಲೆ ಕೂತು ತಾನೇ ತುಂಬಿದಳು. ಇವರ್‍ಯಾರ ವರದಿಯಿಂದಲೂ ಯಾರಿಗೂ ಒಂದು ಕೂದಲೂ ಕೊಂಕಲಿಲ್ಲ. ಸ್ವಂತ ಅಭ್ಯಾಸ ಮಾಡಿ ಬರೆದವಳು ನಾನೊಬ್ಬಳೇ. ಹಾಗೆ ಬರೆದವರಿಗೆ ತರಗತಿಗೇ ಹೆಚ್ಚಿನ ಅಂಕ ಎಂದು ಸರ್ ಹೇಳಿದ್ದರು, ನಾನು ಅದನ್ನು ಗಂಟು ಹಾಕಿಕೊಂಡಿದ್ದೆ.

ದೊಡ್ಡವ್ವ ಕೆಲಸಕ್ಕೆ ಹೋಗುತ್ತಿದ್ದದ್ದು ರಟ್ಟೀಹಳ್ಳಿ ರಸ್ತೆಯ ಕಡೆ ಇದ್ದ ಒಂದು ಮೆಣಸಿನಕಾಯಿ ಶೆಡ್ಡಿಗೆ. ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ತೊಟ್ಟಿಲ್ಲದ ಕಾಯಿ ಹೊರಗಿನ ಊರುಗಳಿಗೆ ಹೋಗುತ್ತದೆ. ತಗಡಿನ ಸೂರು, ಒಂದು ಬಾಗಿಲು, ಒಳಗೆ ಕಾಲಿಟ್ಟ ಕೂಡಲೇ ಘಾಟು ಮೂಗಿಗೆ ಹತ್ತಿ ಎದೆ ಉರಿಯುತ್ತದೆ. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಗೋಣಿಚೀಲದ ಮೇಲೆ ಸಾಲಾಗಿ ಕೂರುತ್ತಾರೆ. ದೊಡ್ಡವ್ವನ ಸಾಲಿನಲ್ಲಿ ಹತ್ತು ಜನ. ಬಾಗಿಲ ಕಡೆಯಿಂದ ಎಣಿಸಿದರೆ ಅವಳು ಏಳನೆಯವಳು. ಅಲ್ಲಿ ಕೂತ ಜಾಗ ಯಾರೂ ಬದಲಿಸುವುದಿಲ್ಲ. ಒಬ್ಬಳು ಬಿಟ್ಟರೆ ಅವಳ ಗೋಣಿಚೀಲದ ಮೇಲೆ ಅವಳ ಸೊಸೆಯೋ ಮಗಳೋ ಬಂದು ಕೂರುತ್ತಾರೆ.

ಇನ್ನೊಂದು ಪದ್ಧತಿ ಇತ್ತು. ಸಂಜೆ ತೂಕ ಮಾಡುವಾಗ ಒಬ್ಬೊಬ್ಬರದು ಬೇರೆ ಬೇರೆ ತೂಗುತ್ತಿರಲಿಲ್ಲ. ಇಡೀ ಸಾಲಿನ ಕಾಯಿ ಒಂದೇ ರಾಶಿಯಾಗಿ ಕಾಟಾದ ಮೇಲೆ ಹೋಗುತ್ತಿತ್ತು, ಬಂದ ಕೂಲಿ ಹತ್ತು ಸಮಪಾಲು. ಸಾಲಿನ ತೂಕ ಎನ್ನುತ್ತಿದ್ದರು ಅದಕ್ಕೆ. ಯಾರ ಕೈ ಎಷ್ಟು ಮಾಡಿತು ಎಂದು ಯಾರೂ ಕೇಳುತ್ತಿರಲಿಲ್ಲ. ಶೆಡ್ಡಿನ ಸಾವ್ಕಾರರೂ ಕೇಳುತ್ತಿರಲಿಲ್ಲ, ಅವರಿಗೆ ಸಾಲಿನ ತೂಕ ಸರಿ ಬಂದರೆ ಸಾಕಿತ್ತು.

ನನ್ನ ಪ್ರಾಜೆಕ್ಟಿಗೆ ಎರಡು ವರ್ಷ ಮೊದಲು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ದೊಡ್ಡವ್ವನ ಬಲಗೈ ಹೆಬ್ಬೆರಳಿನ ನರ ಹೋಗಿತ್ತು. ಬೆರಳಿತ್ತು, ಮಡಚುತ್ತಿರಲಿಲ್ಲ. ತೊಟ್ಟು ಮುರಿಯಲು ಹೆಬ್ಬೆರಳೇ ಬೇಕು. ಅವಳು ಉಳಿದ ಬೆರಳುಗಳಲ್ಲಿ ಹಿಡಿದು ಹೇಗೋ ಮುರಿಯುತ್ತಿದ್ದಳು, ಆದರೆ ನಿಧಾನ. ಅದಕ್ಕೆ ಸಾಲಿನ ಹೆಂಗಸರು ಒಂದು ದಾರಿ ಮಾಡಿಕೊಂಡಿದ್ದರು. ಏನೋ ಮಾತಾಡುತ್ತ, ಈ ಕಡೆ ತಿರುಗಿಯೂ ನೋಡದೆ, ತಮ್ಮ ಮುಂದಿನ ಮುರಿದ ಕಾಯಿಯಲ್ಲಿ ಒಂದೊಂದು ಹಿಡಿ ಅವಳ ರಾಶಿಗೆ ಎಸೆಯುತ್ತಿದ್ದರು. ಎಲ್ಲರ ರಾಶಿಯೂ ನೋಡುವವರ ಕಣ್ಣಿಗೆ ಒಂದೇ ಸಮ ಕಾಣುತ್ತಿತ್ತು. ಹೆಚ್ಚು ಹಿಡಿ ಬೀಳುತ್ತಿದ್ದದ್ದು ಎಂಟನೆಯವಳ ಕೈಯಿಂದ. ಸವಣೂರಿನಿಂದ ನಮ್ಮೂರಿಗೆ ಮದುವೆಯಾಗಿ ಬಂದ ಮುಸ್ಲಿಂ ಹೆಂಗಸು ಆಕೆ, ನಾನು ಖಾಲಾ ಎಂದು ಕರೆಯುತ್ತಿದ್ದೆ. ದೊಡ್ಡವ್ವ ಪುಕ್ಕಟೆ ಕೂರುತ್ತಿರಲಿಲ್ಲ. ಸಾಲಿಗೆಲ್ಲ ನೀರು ತರುವುದು, ಹಸುಗೂಸಿನ ತಾಯಿ ಹಾಲು ಕುಡಿಸಲು ಎದ್ದರೆ ಅವಳ ಜಾಗ ನೋಡಿಕೊಳ್ಳುವುದು, ಇಬ್ಬರು ಜಗಳಕ್ಕೆ ಬಿದ್ದರೆ ನಡುವೆ ಬಾಯಿ ಹಾಕಿ ಇಬ್ಬರನ್ನೂ ಬೈದು ಸುಮ್ಮನಾಗಿಸುವುದು, ಇದೆಲ್ಲ ಅವಳದೇ. ಮುಂದೆ ನಾನು ವರದಿಗೆಂದು ಮಾಡಿದ ಕೋಷ್ಟಕದಲ್ಲಿ ಅದಕ್ಕೆ ಒಂದು ಕಾಲಂ ಇರಲಿಲ್ಲ. ಹಾಕಬೇಕೆಂದು ಹೊಳೆಯಲೂ ಇಲ್ಲ.

ಸಾವ್ಕಾರರು ಅಭ್ಯಾಸಕ್ಕೆ ಒಪ್ಪಿದರು. ಪುಸ್ತಕದಲ್ಲಿ ತಮ್ಮ ಶೆಡ್ಡಿನ ಹೆಸರು ಬರುತ್ತದೆ ಎಂದು ಅವರಿಗೆ ಖುಷಿಯಾಗಿತ್ತು. ನಾನು ನೋಟ್‌ಬುಕ್ಕು, ಮೊಬೈಲಿನ ಸ್ಟಾಪ್‌ವಾಚು, ಹತ್ತು ಬುಟ್ಟಿ ತೆಗೆದುಕೊಂಡು ಹೋದೆ. ಒಬ್ಬೊಬ್ಬರ ಕೆಲಸ ಬೇರೆ ಬೇರೆ ತೂಗಿ ಬರೆಯಬೇಕು, ಮೂರು ದಿನ ಅವರವರ ಕಾಯಿ ಅವರವರ ಬುಟ್ಟಿಯಲ್ಲೇ ಬೀಳಲಿ ಎಂದೆ. ಹೆಂಗಸರು ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಾಲಾ ಮಾತ್ರ ದೊಡ್ಡವ್ವನನ್ನು ನೋಡಿದಳು.

ಆಗ ಮಾತಾಡಿದವಳು ದೊಡ್ಡವ್ವನೇ. "ಹುಡುಗಿ ಬುಕ್ಕಿಗೆ ಬೇಕಂತ್ರವ್ವಾ. ಮೂರು ದಿವಸದ ಮಾತು. ನನ್ನ ಬುಟ್ಟಿಗೆ ಯಾರೂ ಕೈ ಹಾಕಬ್ಯಾಡ್ರಿ."

ಯಾರೂ ಹಾಕಲಿಲ್ಲ. ಆ ಮೂರು ದಿನ ಸಾಲಿನಲ್ಲಿ ಮಾತೂ ಕಡಿಮೆಯಾಗಿತ್ತು. ಮಾತಿಲ್ಲದಿದ್ದರೆ ಗಮನ ಹೆಚ್ಚುತ್ತದೆ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದೊಡ್ಡವ್ವನ ಬುಟ್ಟಿ ಸಂಜೆಗೆ ಉಳಿದವರ ಅರ್ಧದಷ್ಟೂ ಆಗುತ್ತಿರಲಿಲ್ಲ. ಅವಳು ನನ್ನ ಮುಂದೆ ಬುಟ್ಟಿ ಇಡುವಾಗ ಸರಿಯಾಗಿ ಬರಕೋ ಎಂದಷ್ಟೇ ಹೇಳುತ್ತಿದ್ದಳು. ಸರಿಯಾಗಿಯೇ ಬರೆದುಕೊಂಡೆ. ಬೇಕೆಂದರೆ ಅಲ್ಲಿ ಒಂದು ಸುಳ್ಳು ಅಂಕಿ ಹಾಕಬಹುದಿತ್ತು. ನನ್ನ ಗೆಳತಿ ಐವತ್ತು ಜನರನ್ನೇ ಹುಟ್ಟಿಸಿದ್ದಳು, ನನ್ನಿಂದ ನಾಲ್ಕು ಕಿಲೋ ಕಾಯಿ ಹುಟ್ಟಿಸುವುದಾಗಲಿಲ್ಲ.

ಕೆಲಸಗಾರರ ಗುಟ್ಟು ಕಾಪಾಡಬೇಕು, ಹೆಸರು ಬರೆಯಬಾರದು ಎಂದು ಸರ್ ಕಲಿಸಿದ್ದರು. ನಾನು ಒಂದೇ ಒಂದು ಹೆಸರನ್ನೂ ಬರೆಯಲಿಲ್ಲ. ಬಾಗಿಲ ಕಡೆಯಿಂದ ಕೂತ ಜಾಗದ ಪ್ರಕಾರ ಒಂದರಿಂದ ಹತ್ತರವರೆಗೆ ನಂಬರ್ ಕೊಟ್ಟೆ. ಹತ್ತು ವರ್ಷವಾದರೂ ಯಾರೂ ಜಾಗ ಬದಲಿಸದ ಸಾಲಿಗೆ ಜಾಗದ ನಂಬರ್ ಕೊಟ್ಟು ಗುಟ್ಟು ಕಾಪಾಡಿದೆ ಎಂದು ನಂಬಿಕೊಂಡ ದಡ್ಡಿ ನಾನು. ಆ ಶೆಡ್ಡಿನೊಳಗೆ ಆಡಿ ಬೆಳೆದವಳು ಬೇರೆ.

ಸಲಹೆಗಳಿಗೆ ಬಂದೆ. ಘಾಟು ಹೊರಗೆ ಹೋಗುವಂತೆ ಗೋಡೆಗೆ ಫ್ಯಾನು ಹಾಕಿಸಬೇಕು. ಕೈಗೆ ಗವಸು, ಮೂಗಿಗೆ ಮಾಸ್ಕು ಕೊಡಬೇಕು. ಕುಡಿಯುವ ನೀರಿನ ಟಾಕಿ ಶೆಡ್ಡಿನೊಳಗೇ ಇರಬೇಕು. ಹೆಂಗಸರಿಗೆ ಶೌಚಾಲಯ ಬೇಕು. ಈ ನಾಲ್ಕನ್ನೂ ದೊಡ್ಡವ್ವ ವರ್ಷಗಟ್ಟಲೆ ಮನೆಯಲ್ಲಿ ಹೇಳುತ್ತಿದ್ದಳು, ನಾನು ಇಂಗ್ಲಿಷಿಗೆ ತಂದೆ ಅಷ್ಟೆ. ಐದನೆಯದು ಬೇಕಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೋಷ್ಟಕ ತೆರೆದು ನೋಡಿದೆ. ಸಾಲಿನ ತೂಕದ ಬದಲು ಒಬ್ಬೊಬ್ಬರ ತೂಕ ಬೇರೆ ಮಾಡಿದರೆ ಉತ್ಪಾದನೆ ಹೆಚ್ಚುತ್ತದೆ ಎಂದು ಬರೆದೆ. ಪಠ್ಯಪುಸ್ತಕದ ವಾಕ್ಯವೇ ಅದು. ಸಲಹೆಗಳನ್ನು ಯಾರೂ ಓದುವುದಿಲ್ಲ ಎಂದು ಸೀನಿಯರ್‌ಗಳು ಹೇಳಿದ್ದರು, ನಾನೂ ಅದನ್ನೇ ನಂಬಿದ್ದೆ.

ಕಪ್ಪು ರಟ್ಟು, ಬಂಗಾರದ ಬಣ್ಣದ ಅಕ್ಷರ. ವೈವಾದ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿ, ಇದು ನೀನೇ ತೂಗಿ ಬರೆದದ್ದೇ ಎಂದು ಕೇಳಿದರು. ಹೌದು ಎಂದೆ. ಇಡೀ ದಿನದಲ್ಲಿ ನೋಡಿದ ನಿಜವಾದ ವರದಿ ಇದೊಂದೇ ಎಂದು ಅವರು ನಮ್ಮ ಸರ್ ಕಡೆ ತಿರುಗಿ ಹೇಳಿದರು. ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಕಾಲು ನೋಯಲಿಲ್ಲ.

ಒಂದು ಪ್ರತಿಯನ್ನು ಸಾವ್ಕಾರರಿಗೆ ಕೊಡಬೇಕಿತ್ತು. ಅದೇ ವಾರ ಹೋದೆ. ಶೆಡ್ಡಿಗೆ ಅಂಟಿಕೊಂಡಂತೆ ಅವರ ಆಫೀಸು, ನಡುವೆ ಒಂದು ಕಿಟಕಿ. ಅವರು ಕುರ್ಚಿ ಎಳೆದು ಕೊಟ್ಟರು, ಚಹಾ ಹೇಳಿದರು. ಅಷ್ಟು ವರ್ಷ ದೊಡ್ಡವ್ವನ ಹಿಂದೆ ಹೋದಾಗ ಆ ಹೊಸ್ತಿಲನ್ನೇ ದಾಟಿರಲಿಲ್ಲ ನಾನು. ಇಂಗ್ಲಿಷು ತಮಗೆ ಅಷ್ಟಕ್ಕಷ್ಟೇ, ಏನು ಬರೆದಿದ್ದೀಯೋ ಕನ್ನಡದಲ್ಲಿ ಹೇಳು ಎಂದರು. ನಾನು ಕಾಲ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು ಸಲಹೆಗಳ ಪುಟ ತೆಗೆದೆ. ಫ್ಯಾನಿಗೆ ನೋಡೋಣ ಎಂದರು. ಗವಸಿಗೆ ನೋಡೋಣ. ನೀರಿಗೆ ತಲೆಯಾಡಿಸಿದರು. ಶೌಚಾಲಯದ ಮಾತಿಗೆ ಮೊಬೈಲು ನೋಡಿದರು. ಐದನೆಯದನ್ನು ಓದಿದಾಗ ಚಹಾದ ಕಪ್ಪು ಕೆಳಗಿಟ್ಟರು.

ಐದನೆಯದನ್ನು ನಾನು ಓದದೇ ಬಿಡಬಹುದಿತ್ತು. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಈಗ ಅವರು ಮೊದಲ ಸಲ ಗಮನವಿಟ್ಟು ಕೇಳುತ್ತಿದ್ದರು, ನನಗೆ ಅದೇ ಬೇಕಾಗಿತ್ತು. ಕೋಷ್ಟಕ ತೋರಿಸು ಎಂದರು, ತೋರಿಸಿದೆ. ಅಂಕಿ ಓದಲು ಅವರಿಗೆ ಇಂಗ್ಲಿಷು ಬೇಕಿರಲಿಲ್ಲ.

"ಈ ನಂಬರು ಹೆಂಗ ಹಾಕೀಯವಾ?" ಎಂದು ಕೇಳಿದರು. "ಬಾಗಲದಿಂದನ?"

ಹೌದ್ರಿ ಎಂದೆ. ಹೇಳಿದ ಮೇಲೆ ನನಗೆ ತಿಳಿಯಿತು. ಅವರು ಕುರ್ಚಿಯಲ್ಲೇ ತಿರುಗಿ ಕಿಟಕಿಯಿಂದ ಸಾಲನ್ನು ನೋಡುತ್ತಿದ್ದರು. ಬಾಯಲ್ಲೇ ಎಣಿಸುತ್ತಿದ್ದರು. ದೊಡ್ಡವ್ವ ಏನೋ ಹೇಳಿ ಖಾಲಾಳನ್ನು ನಗಿಸುತ್ತಿದ್ದಳು. ಗೋಡೆಯ ಕಡೆಯಿಂದ ಎಂದು ನಾನು ಹೇಳಿದ್ದರೆ ಅವರ ಕಣ್ಣು ಇನ್ನೊಬ್ಬಳ ಮೇಲೆ ನಿಲ್ಲುತ್ತಿತ್ತು. ಆ ಇನ್ನೊಬ್ಬಳು ಯಾರಾಗುತ್ತಿದ್ದಳು ಎಂಬುದನ್ನೂ ಆಮೇಲೆ ಎಣಿಸಿ ನೋಡಿದ್ದೇನೆ. ಎದೆಹಾಲು ಕುಡಿಸುವ ಕೂಸಿದ್ದವಳು.

ಮುಂದಿನ ಸೋಮವಾರ ಹತ್ತು ಬುಟ್ಟಿ ಬಂದವು, ನೀಲಿ ಪ್ಲಾಸ್ಟಿಕ್ಕಿನವು, ಮೇಲೆ ಬಿಳಿ ಬಣ್ಣದಲ್ಲಿ ನಂಬರ್. ಫ್ಯಾನು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಎಲ್ಲರಿಗೂ ಕೆಟ್ಟದ್ದಾಯಿತು ಎಂದರೆ ಸುಳ್ಳು ಹೇಳಿದಂತೆ. ಕೈ ಚುರುಕಿದ್ದ ಇಬ್ಬರು ಹುಡುಗಿಯರಿಗೆ ಹೆಚ್ಚು ಕೂಲಿ ಬಂತು, ಅವರು ನನ್ನನ್ನು ಕಂಡು ನಕ್ಕರು. ದೊಡ್ಡವ್ವ ಆ ಬುಟ್ಟಿಯ ಮುಂದೆ ಕೂತದ್ದು ಹನ್ನೆರಡು ದಿನ. ಆಮೇಲೆ ಸಾವ್ಕಾರರು ಅವಳನ್ನು ಕರೆದು, ಅಕ್ಕಾ, ವಯಸ್ಸಾತು, ಮನ್ಯಾಗ ಆರಾಮ ಇರ್ರಿ ಎಂದರಂತೆ. ಬೈಯಲಿಲ್ಲ, ಹೋಗುವಾಗ ಅರ್ಧ ಕಿಲೋ ಕಾಯಿಯನ್ನೂ ಕಟ್ಟಿ ಕೊಟ್ಟರು.

ಅವಳು ಆ ಪೊಟ್ಟಣವನ್ನು ಅಡುಗೆಮನೆಯಲ್ಲಿ ಇಟ್ಟು, ಕೈ ತೊಳೆದು, ನನಗೆ ರೊಟ್ಟಿ ಬಡಿಯಲು ಕೂತಳು. ಹೆಬ್ಬೆರಳು ಮಡಚದಿದ್ದರೂ ರೊಟ್ಟಿ ಬಡಿಯಲು ಅಂಗೈ ಸಾಕು. ನನಗೆ ಅಳು ಬಂತು. ನಿನ್ನ ನಂಬರನ್ನು ನಾನೇ ಹೇಳಿದೆ, ತಪ್ಪಾಯಿತು ಎಂದೆ. ಅವಳು ಹಂಚಿನ ಕಡೆಯೇ ನೋಡುತ್ತಿದ್ದಳು.

"ನನ್ನ ಕೈಲಿ ಎಷ್ಟಾಗ್ತೈತಿ ಅನ್ನೂದು ಆ ಸಾಲಿಗೆಲ್ಲಾ ಗೊತ್ತಿತ್ತು," ಎಂದಳು. "ಯಾರೂ ಬರದಿಟ್ಟಿದ್ದಿಲ್ಲ, ಅಷ್ಟ."

ಅದರ ಮೇಲೆ ಆ ಮಾತು ಅವಳು ಎತ್ತಲಿಲ್ಲ. ಆದರೆ ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಗಲು ಹೊತ್ತು ಮನೆಯಲ್ಲಿ ಅವಳಿಗೆ ಮಾತಾಡಲು ಯಾರೂ ಇರಲಿಲ್ಲ. ಹತ್ತು ಜನರ ನಡುವೆ ದಿನವಿಡೀ ಬಾಯಿ ನಿಲ್ಲಿಸದವಳು, ಸಂಜೆ ನಾನು ಬಂದರೆ ಒಂದೆರಡು ಮಾತಾಡಿ ಸುಮ್ಮನಾಗುತ್ತಿದ್ದಳು. ಖಾಲಾ ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು. ಬರಬರುತ್ತ ಅದೂ ನಿಂತಿತು. ಈಗ ಒಂದು ತಾಸು ಬೇಗ ಎದ್ದು ಬಂದರೆ ಅಷ್ಟು ತೂಕ ಅವಳ ಬುಟ್ಟಿಯಲ್ಲೇ ಕಡಿಮೆಯಾಗುತ್ತಿತ್ತು.

ಫಲಿತಾಂಶ ಬಂತು. ಪ್ರಾಜೆಕ್ಟಿಗೆ ತರಗತಿಗೇ ಹೆಚ್ಚಿನ ಅಂಕ ನನ್ನದು. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದೆ. ಫೈನಾನ್ಸ್ ಕಂಪನಿಯೊಂದರಲ್ಲಿ ಬೈಕ್ ಓಡಿಸಲು ಬರುತ್ತದೆಯೇ ಎಂದು ಕೇಳಿದರು, ಇನ್ನೊಂದು ಕಡೆ ಇಂಗ್ಲಿಷು ಮಾತಾಡಿಸಿ ಕಳಿಸಿದರು. ಐದು ತಿಂಗಳು ಮನೆಯಲ್ಲಿ ಕೂತೆ. ಆಗ ಸಾವ್ಕಾರರು ಅಪ್ಪನ ಕೈಯಲ್ಲಿ ಹೇಳಿ ಕಳಿಸಿದರು. ನಂಬರ್ ಬುಟ್ಟಿಗಳ ತೂಕ ನೋಡಿ ಬರೆಯಲು ಒಬ್ಬರು ಬೇಕಂತೆ, ಆ ಕೆಲಸ ಆ ಹುಡುಗಿಗೆ ಮೊದಲಿಂದಲೂ ಗೊತ್ತಲ್ಲ ಎಂದರಂತೆ.

ನಾನು ಹೋಗುವುದಿಲ್ಲ ಎಂದೆ. ಅದು ನಿಜವಾಗಿ ಮನಸ್ಸಿನಿಂದ ಬಂದ ಮಾತೋ, ದೊಡ್ಡವ್ವ ಕೇಳಲಿ ಎಂದು ಆಡಿದ ಮಾತೋ, ಇವತ್ತಿಗೂ ಗೊತ್ತಿಲ್ಲ. ಅವಳು ಟ್ರಂಕಿನಿಂದ ತನ್ನ ಒಳ್ಳೆಯ ಇಳಕಲ್ ಸೀರೆ ತೆಗೆದು ನನ್ನ ಮುಂದಿಟ್ಟಳು. ಈ ಕೆಲಸಕ್ಕೆ ಚೂಡಿದಾರ ಬೇಡ, ಸೀರೆ ಉಟ್ಟರೆ ಹೆಂಗಸರು ಮಾತು ಕೇಳುತ್ತಾರೆ ಎಂದಳು. ನೆರಿಗೆ ಹಿಡಿದು ಉಡಿಸಿದವಳೂ ಅವಳೇ. ಮಡಚದ ಹೆಬ್ಬೆರಳು ನೆರಿಗೆಯ ನಡುವೆ ಕೋಲಿನಂತೆ ನಿಂತಿತ್ತು. "ಹೇಳೋ ಕಡೆ ನಿಂದ್ರು ಅಂದಾಕಿ ನಾನ," ಎಂದಳು. "ಹೋಗು."

ಹೋದೆ. ಘಾಟು ಎದೆಗೆ ಹತ್ತಿತು, ಸೆರಗನ್ನು ಮೂಗಿಗೆ ಕಟ್ಟಿಕೊಂಡೆ. ಏಳನೆಯ ಜಾಗದಲ್ಲಿ ಯಾರೋ ಹೊಸ ಹುಡುಗಿ ಕೂತಿದ್ದಳು, ಅವಳ ಗೋಣಿಚೀಲವೂ ಹೊಸದು. ಸಾಲಿನಲ್ಲಿ ಮಾತಿರಲಿಲ್ಲ, ತೊಟ್ಟು ಮುರಿಯುವ ಸದ್ದು ಮಾತ್ರ. ಸಂಜೆ ಒಬ್ಬೊಬ್ಬರಾಗಿ ಬುಟ್ಟಿ ತಂದು ಕಾಟಾದ ಮೇಲೆ ಇಟ್ಟರು, ನಾನು ನೋಡಿ ಬರೆದೆ. ಎಂಟನೆಯದಕ್ಕೆ ಖಾಲಾ ಬಂದಳು. ಅವಳ ಎಡಗಣ್ಣಿಗೆ ಪೊರೆ ಬರುತ್ತಿತ್ತು, ಅದು ನನಗೆ ಆಗ ಕಂಡಿತು. ಬುಟ್ಟಿ ಮುಕ್ಕಾಲೂ ತುಂಬಿರಲಿಲ್ಲ. ಅಕ್ಕಪಕ್ಕದವರ ಬುಟ್ಟಿಗಳು ತುಂಬಿದ್ದವು, ಆದರೆ ನಾನು ನಿಂತಿದ್ದೆ, ಯಾರೂ ಒಂದು ಹಿಡಿ ಎತ್ತಿ ಹಾಕುವಂತಿರಲಿಲ್ಲ.

ಅವಳು ಬುಟ್ಟಿ ಇಟ್ಟು ನನ್ನ ಸೀರೆ ನೋಡಿದಳು. ಯಾರದೆಂದು ಅವಳಿಗೆ ಗುರುತು ಸಿಕ್ಕಿತು.

"ಮೂರು ದಿವಸ ಅಂದಿದ್ರೆಲ್ಲವಾ," ಎಂದಳು ಮೆಲ್ಲಗೆ. "ಇನ್ನೂ ಮುಗಿದಿಲ್ಲೇನು?"

ಅವಳ ಹಿಂದೆ ಒಂಬತ್ತನೆಯವಳು ಬುಟ್ಟಿ ಹಿಡಿದು ನಿಂತಿದ್ದಳು. ನಾನು ಕಾಟಾ ನೋಡಿ, ಎಂಟನೆಯ ನಂಬರಿನ ಮುಂದೆ ಎಷ್ಟಿತ್ತೋ ಅಷ್ಟು ಬರೆದೆ.